ಸ್ಮಾರ್ಟ್, ನೈಸ್, ಅಡ್ಡಿಯಿಲ್ಲ

ಹೊಗಳಿ ಸಂಬಳ ತೆಗೆದುಕೊಳ್ಳುವ ಕೆಲಸ ಹಿಂದೆ ರಾಜರ ಆಸ್ಥಾನದಲ್ಲಿ ಇತ್ತಂತೆ. ನನಗೆ ಅದು ಐರೋಲಿಯಲ್ಲಿ ಸಿಕ್ಕಿತು.

ನವಿ ಮುಂಬಯಿಯ ಒಂದು ದೊಡ್ಡ ಕಂಪನಿಯ ಆಫೀಸು. ವರ್ಷಕ್ಕೊಮ್ಮೆ ಪ್ರತಿಯೊಬ್ಬ ಸಾಹೇಬನೂ ತನ್ನ ಕೈಕೆಳಗಿನವರಿಗೆ ಅಂಕ ಕೊಡಬೇಕು, ಅಂಕದ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಒಳ್ಳೆಯ ಮಾತು ಬರೆಯಬೇಕು. ಅಂಕ ಕೊಡಲು ಅವರಿಗೆ ಕಷ್ಟವಿರಲಿಲ್ಲ, ಮಾತು ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಆ ಸಾಲುಗಳೆಲ್ಲ ನಮ್ಮ ವಿಭಾಗಕ್ಕೆ ಬರುತ್ತಿದ್ದವು. ವಿಭಾಗದಲ್ಲಿ ಎಲ್ಲರಿಗಿಂತ ಹೊಸಬಳು ನಾನು, ಆದ್ದರಿಂದ ಅವು ನನ್ನ ಮೇಜಿಗೆ ಬಂದು ಬೀಳುತ್ತಿದ್ದವು.

ಸ್ವಲ್ಪ ದಿನದಲ್ಲೇ ಕೈ ಪಳಗಿತು. ಗುಡ್ ಎಂದರೆ ಒಳ್ಳೆಯದು ಎಂದು ಶಾಲೆಯಲ್ಲಿ ಕಲಿತಿದ್ದೆ. ಇಲ್ಲಿ ಗುಡ್ ಎಂದರೆ ಸಾಧಾರಣ, ನಿಜವಾಗಿ ಒಳ್ಳೆಯದಾಗಿದ್ದರೆ ವೆರಿ ಗುಡ್. ಸಿನ್ಸಿಯರ್ ಎಂದರೆ ಹೊತ್ತಿಗೆ ಸರಿಯಾಗಿ ಬರುತ್ತಾನೆ, ಬಂದ ಮೇಲೆ ಏನು ಮಾಡುತ್ತಾನೆ ಎಂದು ಕೇಳಬೇಡಿ. ಬೇರೆಯವರು ಊಟಕ್ಕೆ ಮೊದಲು ಮುಗಿಸುವುದನ್ನು ಸಂಜೆಯವರೆಗೆ ಎಳೆಯುವವನು ಹಾರ್ಡ್‌ವರ್ಕಿಂಗ್. ಡೆಡಿಕೇಟೆಡ್ ಎಂದು ಬರೆದರೆ ಅವನಿಗೆ ಬಡ್ತಿ ಇಲ್ಲ, ಅವನು ಬಿಟ್ಟು ಹೋಗುವುದೂ ಇಲ್ಲ. ಇನ್ನು ನೈಸ್, ಡೀಸೆಂಟ್ ಇವೆರಡು ಸಾಹೇಬನಿಗೆ ಮುಖವೇ ನೆನಪಿಲ್ಲದವರಿಗೆ. ಒಮ್ಮೆ ಒಬ್ಬ ಹೆಂಗಸಿಗೆ ನಾನು ಸ್ಮಾರ್ಟ್ ಎಂದು ಬರೆದೆ. ಅವಳ ಸಾಹೇಬ ಅದನ್ನು ಹೊಡೆದು ಹಾಕಿ ಸಿನ್ಸಿಯರ್ ಎಂದು ಬರೆದು ಕಳಿಸಿದ. ನಾಲ್ಕು ದಿನ ನನಗೆ ಅದೇ ತಲೆಯಲ್ಲಿ ಕೊರೆಯುತ್ತಿತ್ತು, ಏಕೆಂದರೆ ಆ ಹೆಂಗಸು ನಿಜವಾಗಿಯೂ ಸ್ಮಾರ್ಟ್ ಆಗಿದ್ದಳು.

ನಮ್ಮ ಮನೆಯಲ್ಲಿ ಇಷ್ಟೆಲ್ಲ ರಗಳೆ ಇರಲಿಲ್ಲ. ಅಲ್ಲಿ ಇದ್ದದ್ದು ಒಂದೇ ಮಾತು, ಅದೂ ಅಪ್ಪನದು.

ಅಪ್ಪ ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ನಾನು ಹುಟ್ಟುವ ಮೊದಲಿನಿಂದ ಅದೇ ಗಲ್ಲಾದಲ್ಲಿ ಕುಳಿತಿದ್ದರು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅಡುಗೆಭಟ್ಟರು ಒಂದು ಬಟ್ಟಲಿನಲ್ಲಿ ಸಾಂಬಾರು ಕಳಿಸುತ್ತಿದ್ದರು. ಅಪ್ಪ ತುಟಿ ಒದ್ದೆ ಮಾಡಿಕೊಂಡು, ಚೆನ್ನಾಗಿದ್ದರೆ "ಅಡ್ಡಿಯಿಲ್ಲ" ಎನ್ನುತ್ತಿದ್ದರು. ಚೆನ್ನಾಗಿಲ್ಲದಿದ್ದರೆ ಮಾತಿಲ್ಲದೆ ಬಟ್ಟಲು ವಾಪಸು. ತುಂಬ ಚೆನ್ನಾಗಿದ್ದರೆ? ಆಗಲೂ ಅಡ್ಡಿಯಿಲ್ಲವೇ. ಶಾಲೆಯ ರಜೆಯಲ್ಲಿ ನಾನು ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದೆ. ಆಗ ಬಟ್ಟಲು ಮೊದಲು ನನ್ನ ಕೈಗೆ ಬರುತ್ತಿತ್ತು. "ಎಂತ?" ಎಂದು ಅಪ್ಪ ಕೇಳುವರು. "ಉಪ್ಪು ಕಮ್ಮಿ" ಎಂದು ನಾನು ಹೇಳುವೆ. ಅಪ್ಪ ತಾವೂ ರುಚಿ ನೋಡಿ ಒಳಗೆ ಕಳಿಸಿಬಿಡುವರು. ಭಟ್ಟರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೋ ಅಷ್ಟು ಸುಖದ ಕೆಲಸ ಆಮೇಲೆ ಎಲ್ಲೂ ಸಿಗಲಿಲ್ಲ.

ತರಗತಿಗೆ ಮೊದಲು ಬಂದಾಗ ಅಪ್ಪ ಅಡ್ಡಿಯಿಲ್ಲ ಎಂದರು. ಡಿಗ್ರಿ ಮುಗಿದಾಗಲೂ ಅಡ್ಡಿಯಿಲ್ಲ. ಐರೋಲಿಯಲ್ಲಿ ಕೆಲಸ ಸಿಕ್ಕಿತು ಎಂದು ಓಡಿ ಬಂದು ಹೇಳಿದರೆ, "ಕ್ಯಾಂಟೀನ್ ಉಂಟಾ ಅಲ್ಲಿ?" ಎಂದು ಕೇಳಿದರು. ನನಗೆ ಮೈ ಉರಿದುಹೋಯಿತು. ಅಮ್ಮ ಸಮಾಧಾನ ಮಾಡಿದಳು: "ಹೆತ್ತವರು ಹೊಗಳಿದರೆ ದೃಷ್ಟಿ ತಾಗ್ತದೆ ಮಗಾ. ಹೊರಗಿನವರು ಬೇಕಾದರೆ ಹೇಳಲಿ." ಶಾಲೆಯಲ್ಲಿ ಟೀಚರು ಎಕ್ಸಲೆಂಟ್ ಎಂದು ಬರೆದು ಕೊಟ್ಟಾಗ ಮಾತ್ರ ಅವಳು ಉಪ್ಪು ಮೆಣಸು ನಿವಾಳಿಸುತ್ತಿರಲಿಲ್ಲ. ಇಂಗ್ಲಿಷಿನ ಹೊಗಳಿಕೆಗೆ ದೃಷ್ಟಿ ತಾಗುವುದಿಲ್ಲ ಎಂಬುದು ಅವಳ ನಂಬಿಕೆ. ಈಗ ಅದನ್ನೇ ಬರೆದು ಹೊಟ್ಟೆ ಹೊರೆಯುವ ನನಗೆ, ಅದು ಯಾಕೆ ತಾಗುವುದಿಲ್ಲ ಎಂದು ಚೆನ್ನಾಗಿ ಗೊತ್ತಾಗಿತ್ತು.

ಅಂಥ ಹೊತ್ತಿನಲ್ಲಿ ನಾನು ಒಬ್ಬನನ್ನು ಮೆಚ್ಚಿಕೊಂಡೆ.

ಡೊಂಬಿವಲಿಯಿಂದ ಠಾಣೆಗೆ ಒಂದು ಲೋಕಲ್, ಠಾಣೆಯಲ್ಲಿ ಇಳಿದು ವಾಶಿಯ ಕಡೆಗೆ ಹೋಗುವ ಇನ್ನೊಂದು. ಎರಡನೆಯದನ್ನು ಕಾಯುವ ಪ್ಲಾಟ್‌ಫಾರಮ್ಮಿನಲ್ಲಿ ಅವನು ಸಿಕ್ಕುತ್ತಿದ್ದ. ಅವನ ಮನೆ ಕಲ್ಯಾಣದಲ್ಲಿ, ಆಫೀಸು ನಮ್ಮ ಪಕ್ಕದ ಕಟ್ಟಡದಲ್ಲಿ. ಅವನ ಹಿರಿಯರೂ ಉಡುಪಿ ಕಡೆಯವರೇ. ಆದರೆ ಹುಟ್ಟಿದ್ದು ಇಲ್ಲಿ, ಹಾಗಾಗಿ ನಾನು ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ವರ್ಷವಿಡೀ ಹೀಗೆ ಮಾತಾಡಿದೆವು. ಆಮೇಲೆ ಇಬ್ಬರಿಗೂ ಗೊತ್ತಾಯಿತು, ಇನ್ನು ಬರೀ ಮಾತಿನಲ್ಲಿ ಮುಗಿಯುವುದಿಲ್ಲ ಎಂದು. ಓಡಿಹೋಗುವ ಧೈರ್ಯವಾಗಲಿ ಅಗತ್ಯವಾಗಲಿ ನಮಗಿರಲಿಲ್ಲ. ಮನೆಯಲ್ಲಿ ಹೇಳಿದೆವು. ನಮ್ಮ ಮನೆಯಲ್ಲಿ ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು ಸರಿಹೋದಳು. ಅಪ್ಪ, "ಅವರು ಕ್ರಮದಲ್ಲಿ ಬಂದು ಕೇಳಲಿ" ಎಂದರು. ಅವನಿಗೆ ತಂದೆ ಇರಲಿಲ್ಲ. ಅವನ ತಾಯಿ ತನ್ನ ಅಣ್ಣನನ್ನು ಕೇಳದೆ ಒಂದು ಹೆಜ್ಜೆ ಇಡುವವರಲ್ಲ. ಆ ಸೋದರಮಾವ ಕಲ್ಯಾಣದಲ್ಲಿ ಮದುವೆ ಊಟಗಳ ಕೇಟರಿಂಗ್ ಮಾಡುತ್ತಿದ್ದರು. ಅವರು ಹೂಂ ಎಂದರೆ ಮದುವೆ, ಇಲ್ಲವೆಂದರೆ ಇಲ್ಲ.

ಮಾವ ವಿಚಾರಿಸಲು ಹೊರಟರು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ಆದರೆ ನಮ್ಮವರು ನೂಲನ್ನೂ ನೋಡುವುದಿಲ್ಲ, ಸೀರೆಯನ್ನೂ ನೋಡುವುದಿಲ್ಲ, ಮೊದಲು ಪಕ್ಕದ ಅಂಗಡಿಯಲ್ಲಿ ಕೇಳುತ್ತಾರೆ. ಹುಡುಗಿಯ ಮನೆಗೆ ಕಾಲಿಡುವ ಮುಂಚೆ, ಅವಳ ಬಿಲ್ಡಿಂಗಿನಲ್ಲಿ ಒಬ್ಬರನ್ನು, ಆಫೀಸಿನಲ್ಲಿ ಒಬ್ಬರನ್ನು, ಊರಿನ ಕಡೆಯವರಲ್ಲಿ ಒಬ್ಬರನ್ನು ಗುಟ್ಟಾಗಿ ಕೇಳುವುದು ಕ್ರಮ. ಯಾರನ್ನು ಕೇಳಿದರು ಎಂದು ಹುಡುಗಿಗೆ ಹೇಳಬಾರದು. ನನಗೆ ಹೇಳುವವನು ಪ್ಲಾಟ್‌ಫಾರಮ್ಮಿನಲ್ಲಿದ್ದ.

ಮೊದಲು ಕೇಳಿದ್ದು ನಮ್ಮದೇ ಮಹಡಿಯ ಅಜ್ಜಿಯನ್ನು. ವಿಜಾಪುರದ ಕಡೆಯವರು, ನನ್ನನ್ನು ಕಂಡರೆ ಪ್ರಾಣ. ಫೋನಿನಲ್ಲಿ ಅವರು ಹೇಳಿದ್ದನ್ನು ಆಮೇಲೆ ನನಗೇ ಹೆಮ್ಮೆಯಿಂದ ವರದಿ ಮಾಡಿದರು: "ಹುಡುಗಿ ಭಾಳ ಸ್ಮಾರ್ಟ್ ಅದಾಳ್ರೀ ಅಂದೆ. ಬ್ಯಾಂಕಿಂದು, ಗ್ಯಾಸಿಂದು ಎಲ್ಲಾ ತಾನ ನೋಡ್ಕೋತಾಳ. ಸೊಸೈಟಿ ಮೀಟಿಂಗ್‌ನ್ಯಾಗ ಎದ್ದು ನಿಂತು, ನೀರ್ ಯಾಕ ಬರವಲ್ದು ಅಂತ ಸೆಕ್ರೆಟರಿನ್ನ ಕೇಳಿದ್ಲು ನೋಡ್ರಿ, ಅಂದೆ!"

ಮರುದಿನ ಅವನು ತಲೆ ಕೆರೆದುಕೊಳ್ಳುತ್ತ ನಿಂತಿದ್ದ. "ಮಮ್ಮಿ ಥೋಡಾ ಡರ್ ಗಯೀ" ಎಂದ.

ಅವನ ತಾಯಿ ಹೆದರಿದ್ದಕ್ಕೆ ನನಗೆ ಅಜ್ಜಿಯ ಮೇಲೆ ಸಿಟ್ಟು ಬರಲಿಲ್ಲ, ಆ ಶಬ್ದದ ಮೇಲೆ ಬಂತು. ಇಂಟೆಲಿಜೆಂಟ್ ಎಂದಿದ್ದರೆ ಅವನ ತಾಯಿ ಖುಷಿಪಡುತ್ತಿದ್ದರು, ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಆಯಿತು ಎಂದು. ಬ್ರೈಟ್ ಎಂದಿದ್ದರೂ ನಡೆಯುತ್ತಿತ್ತು. ಸ್ಮಾರ್ಟ್ ಎಂದರೆ ಮುಗಿಯಿತು, ಎದುರು ಮಾತಾಡುತ್ತಾಳೆ ಎಂದೇ ಲೆಕ್ಕ. ಅಜ್ಜಿ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಶಾಣ್ಯಾ ಹುಡುಗಿ ಎಂದು. ಜಾಣೆ ಎಂಬ ಆ ಮಾತಿನಲ್ಲಿ ಎಷ್ಟು ಅಕ್ಕರೆ ಇತ್ತು! ಪರರ ಫೋನು ಎಂದು ಅವರು ಅದನ್ನು ಬಿಟ್ಟು, ಪೆಟ್ಟಿಗೆಯೊಳಗಿನ ಒಳ್ಳೆಯ ಸೀರೆ ತೆಗೆದ ಹಾಗೆ ಇಂಗ್ಲಿಷ್ ತೆಗೆದಿದ್ದರು.

ಎರಡನೆಯ ವಿಚಾರಣೆ ಆಫೀಸಿನಲ್ಲಿ. ಮಾವನ ಪರಿಚಯದವರ ಪರಿಚಯದವರು ಯಾರೋ ನಮ್ಮ ಮಹಡಿಯಲ್ಲೇ ಇದ್ದರಂತೆ. ಅವರ ಉತ್ತರ: "ನೈಸ್ ಗರ್ಲ್."

ನೈಸ್! ಮುಖ ನೆನಪಿಲ್ಲದವರಿಗೆ ನಾನು ಬರೆಯುವ ನೈಸ್! ಇಡೀ ಮಧ್ಯಾಹ್ನ ಆಫೀಸಿನಲ್ಲಿ ಒಬ್ಬೊಬ್ಬರ ಮುಖ ನೋಡುತ್ತ ಕುಳಿತೆ, ನನಗೆ ನೈಸ್ ಕೊಟ್ಟವರು ಯಾರು ಎಂದು. ಮಾವ ಅದಕ್ಕೆ ಏನೆಂದರು ಎಂದು ಕೇಳಿದೆ. ಅವನು ಅವರ ಧ್ವನಿಯನ್ನು ಅಣಕಿಸಿ, ತನಗೆ ಬರುವ ಕನ್ನಡದಲ್ಲಿ ಹೇಳಿ ತೋರಿಸಿದ: "ನೈಸ್ ಅಂತ ಉಂಡು ಕೈ ತೊಳೆದವರೆಲ್ಲ ಹೇಳ್ತಾರೆ ಮಾರಾಯಾ. ಅವರು ಮತ್ತೆ ಆರ್ಡರ್ ಕೊಡುವುದಿಲ್ಲ." ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಆ ಮಾವನ ಮೇಲೆ ಸ್ವಲ್ಪ ಗೌರವ ಹುಟ್ಟಿತು, ಅದರಿಂದ ಭಯ ಇನ್ನೂ ಹೆಚ್ಚಾಯಿತು.

ಮೂರನೆಯದು ಠಾಣೆಯಲ್ಲಿ. "ಮಾವ ನೇ ಕಿಸೀ ಹೋಟೆಲ್‌ವಾಲೇ ಸೇ ಪೂಛಾ" ಎಂದ ಅವನು. ಹೋಟೆಲ್ ಲೈನಿನವರ ಪದ್ಧತಿ ಅದು. ಯಾವ ಊರಿನ, ಯಾವ ಮನೆಯ ಸುದ್ದಿ ಬೇಕಾದರೂ ಗಲ್ಲಾದಲ್ಲಿ ಕುಳಿತವರನ್ನು ಕೇಳುವುದು, ಅವರಿಗೆ ಗೊತ್ತಿಲ್ಲದ್ದು ಇಲ್ಲ ಎಂದು.

"ಏನು ಹೇಳಿದರಂತೆ?"

"ಪತಾ ನಹೀ. ಮನೆಗೆ ಬಂದು ಏನೂ ಹೇಳಲಿಲ್ಲ. ಚುಪ್ ಬೈಠೇ ಥೇ. ರಾತ್ರಿ ಊಟ ಆದ ಮೇಲೆ, ಭಾನುವಾರ ಹೋಗಿ ನೋಡುವ ಅಂದರು. ಟೆನ್ಶನ್ ಮತ್ ಲೇ."

ಟೆನ್ಶನ್ ತೆಗೆದುಕೊಳ್ಳಬೇಡ ಎಂದು ಹೇಳಿದವನು ತಾನೇ ಆ ದಿನ ತಪ್ಪು ಬದಿಯ ಗಾಡಿ ಹತ್ತಿ ಮುಂದಿನ ಸ್ಟೇಷನ್ನಿನಿಂದ ವಾಪಸು ಬಂದ.

ಆ ವಾರ ನಾನು ಕೂತಲ್ಲಿ ಕೂರಲಿಲ್ಲ. ಹೊಗಳುವ ಸೀಸನ್ನು ಬೇರೆ. ಮೇಜಿನ ಮೇಲೆ ರಾಶಿ ಬಿದ್ದಿತ್ತು. ಒಂದು ಶಬ್ದ ಬರೆಯುವುದು, ಆ ಮನುಷ್ಯನ ಮನೆಯಲ್ಲಿ ಇದನ್ನು ಯಾರು ಓದುತ್ತಾರೋ ಎಂದು ಅಳಿಸುವುದು. ಸಂಜೆ ಗಾಡಿಯಲ್ಲಿ ಕಳವಾ ಸ್ಟೇಷನ್ನಿನಿಂದ ದಿವಾದವರೆಗೆ ಉಸಿರಾಡಲು ಜಾಗವಿಲ್ಲದೆ ನಿಂತಾಗಲೂ ಅದೇ. ಆ ಹೋಟೆಲಿನವನು ಏನು ಹೇಳಿರಬಹುದು? ಬೋಲ್ಡ್ ಎಂದನೇ? ಹಾಗಾದರೆ ಕೆಟ್ಟಿತು. ಹೋಮ್ಲಿ ಎಂದನೇ? ಹಾಗೆ ಅನ್ನಲು ನನ್ನನ್ನು ನೋಡಿದವರಿಂದ ಸಾಧ್ಯವಿಲ್ಲ. ನೋಡದವನಾಗಿದ್ದರೆ ಡೀಸೆಂಟ್ ಎಂದಿರುತ್ತಾನೆ. ಆ ವಾರ ನಾನು ಡೀಸೆಂಟಿಗೂ ತಯಾರಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ನನಗೆ ಅವನು ಬೇಕಾಗಿದ್ದ.

ಕೊನೆಗೆ ತಡೆಯಲಾರದೆ ಅಪ್ಪನನ್ನೇ ಕೇಳಿದೆ. "ಠಾಣೆಯಲ್ಲಿ ಯಾವುದೋ ಹೋಟೆಲಿನವರ ಹತ್ತಿರ ಕೇಳಿದ್ದಾರಂತೆ ಅಪ್ಪ. ನಿಮಗೆ ಎಲ್ಲರೂ ಗೊತ್ತಲ್ಲ, ಏನು ಹೇಳಿದರು ಅಂತ ಸ್ವಲ್ಪ ತಿಳ್ಕೊಳ್ಳಿ."

"ಠಾಣೆಯಲ್ಲಿ ಹೋಟೆಲ್ ಎಷ್ಟುಂಟು ಮಾರಾಯ್ತಿ" ಎಂದು ಅಪ್ಪ ಪೇಪರು ಅಗಲಿಸಿ ಮುಖ ಮುಚ್ಚಿಕೊಂಡರು. ಆ ವಾರ ಅವರೂ ಸರಿಯಿರಲಿಲ್ಲ. ಅನ್ನಕ್ಕೆ ಸಾರು ಹಾಕಿಕೊಂಡು ಕಲಸುತ್ತ ಕುಳಿತುಬಿಡುವರು. ಅಮ್ಮ ಎರಡು ಸಲ ಕೇಳಿದ್ದಕ್ಕೆ ಒಂದು ಸಲ ಉತ್ತರ. ಮಗಳನ್ನು ಕೊಡುವ ಚಿಂತೆ ಎಂದು ಅಮ್ಮ ಅಂದುಕೊಂಡಳು. ಶನಿವಾರ ಮಾತ್ರ ಅವರಾಗಿ ಒಂದು ಮಾತಾಡಿದರು: "ನಾಳೆಗೆ ಹೋಟೆಲಿನಿಂದ ಎಂತದೂ ತರುವುದಿಲ್ಲ. ಉಪ್ಪಿಟ್ಟು ಮನೆಯಲ್ಲೇ ಆಗಲಿ."

ಭಾನುವಾರ ಅವರು ಬಂದರು. ಮೊದಲು ಮಾವ, ಹಿಂದೆ ಅವನ ತಾಯಿ, ಅವರ ಹಿಂದೆ ಹೊಸ ಶರ್ಟಿನಲ್ಲಿ ಅವನು. ನಮ್ಮ ಹಾಲಿನಲ್ಲಿ ಮೂವರು ಕುಳಿತರೆ ನಾಲ್ಕನೆಯವರು ಕಾಲು ಮಡಚಿ ಕೂರಬೇಕು. ನಾನು ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದೆ. ಒಳಕೋಣೆಯಿಂದ ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಗೆ ಬಂದು ಕೈ ಮುಗಿದರು.

ಮಾವ ಕೈ ಮುಗಿಯಲು ಎದ್ದವರು ಹಾಗೆಯೇ ನಿಂತರು. "ನೀವು... ಗಲ್ಲಾದಲ್ಲಿ..."

ಅಪ್ಪ ಮುಗಿದ ಕೈ ಇಳಿಸಿ, "ಕೂತ್ಕೊಳ್ಳಿ" ಎಂದರು.

"ಎಂತ ಅಣ್ಣ?" ಎಂದು ಅವನ ತಾಯಿ ಕೇಳಿದರು.

"ನಾನು ಠಾಣೆಯಲ್ಲಿ ಕೇಳಿದ್ದು ಇವರ ಹತ್ತಿರವೇ ಮಾರಾಯ್ತಿ! ಡೊಂಬಿವಲಿಯ ಹುಡುಗಿ, ಇಂಥ ಬಿಲ್ಡಿಂಗು, ಐರೋಲಿಯಲ್ಲಿ ಕೆಲಸ, ತಂದೆ ಯಾರೋ ಹೋಟೆಲ್ ಲೈನಿನವರಂತೆ, ಯಾವ ಹೋಟೆಲು ಅಂತ ಇವನಿಗೂ ಗೊತ್ತಿಲ್ಲ, ನಿಮಗೆ ಗೊತ್ತುಂಟಾ ಅಂತ. ಗೊತ್ತುಂಟು ಅಂದರು."

ಅಮ್ಮ ಬಾಯಿಗೆ ಸೆರಗು ಹಿಡಿದಳು.

"ಅಂದರೆ," ಅವನ ತಾಯಿ ನಿಧಾನವಾಗಿ ಹೇಳಿದರು, "ಮಗಳಿಗೆ ತಂದೆಯೇ ಸರ್ಟಿಫಿಕೇಟ್ ಕೊಟ್ಟದ್ದಾ?"

ಅಪ್ಪನ ಕಿವಿ ಕೆಂಪಾಯಿತು. "ಹೇಳಬೇಕಿತ್ತು," ಎಂದರು. "ತಪ್ಪಾಯಿತು. ತಂದೆ ನಾನೇ ಅಂತ ಹೇಳಿದ್ದರೆ ನೀವು ಚಾ ಕುಡಿದು, ಕುಶಾಲು ಮಾತಾಡಿ ಹೋಗ್ತಿದ್ದಿರಿ. ಕೇಳಲಿಕ್ಕೆ ಬಂದದ್ದು ಕೇಳ್ತಿರಲಿಲ್ಲ."

ಮುಗಿಯಿತು ಎಂದುಕೊಂಡೆ. ಇಷ್ಟು ವರ್ಷ ಒಂದು ಎಕ್ಸಲೆಂಟ್ ಕೊಡದ ಮನುಷ್ಯ, ಕೊಡಲೇಬಾರದ ಹೊತ್ತಿನಲ್ಲಿ, ಕೊಡಲೇಬಾರದ ಜನರ ಮುಂದೆ ಏನನ್ನೋ ಕೊಟ್ಟು ಕೂತಿದ್ದರು. ಅವರ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಮಾವ ಕುಳಿತರು. ಕುಳಿತು ತಂಗಿಯ ಕಡೆ ತಿರುಗಿದರು. "ಸರ್ಟಿಫಿಕೇಟಾ? ಇವರು ಎಂತ ಹೇಳಿದ್ದು ಅಂತ ಕೇಳು. ಹುಡುಗಿ ಹೇಗೆ ಅಂತ ಕೇಳಿದೆ. ಚಿಲ್ಲರೆ ಕೊಡುವುದು ನಿಲ್ಲಿಸಿದರು. 'ಉಪ್ಪು ಕಮ್ಮಿ ಇದ್ದರೆ ಕಮ್ಮಿ ಅಂತ ಹೇಳುವ ಹುಡುಗಿ' ಅಂದರು. 'ಮಾಡಿದ್ದು ಯಾರು ಅಂತ ನೋಡುವುದಿಲ್ಲ. ನಿಮ್ಮ ಮನೆಯಲ್ಲಿ ಅದು ನಡೀತದೆ ಅಂತಾದರೆ ಮಾತ್ರ ಹೋಗಿ. ನಡೆಯುವುದಿಲ್ಲ ಅಂತಾದರೆ ಆ ಮೆಟ್ಟಿಲು ಹತ್ತಬೇಡಿ. ಆ ಮನೆಯವರಿಗೆ ಅವಳು ಹೊರೆಯಾಗಿಲ್ಲ, ಹೆಚ್ಚಾಗಿಲ್ಲ' ಅಂದರು."

ಅಪ್ಪ ನೆಲ ನೋಡುತ್ತಿದ್ದರು.

"ನಾನು ಮೊದಲು ಎಣಿಸಿದ್ದು, ಈ ಮನುಷ್ಯನಿಗೆ ಆ ಹುಡುಗಿಯ ಮೇಲೆ ಎಂತದೋ ಕೋಪ ಉಂಟು ಅಂತ," ಮಾವ ಮುಂದುವರಿಸಿದರು. "ಗಾಡಿಯಲ್ಲಿ ಅದೇ ಯೋಚನೆ. ದಿವಾ ದಾಟುವಾಗ ನೆನಪಾಯಿತು, ಹೆಚ್ಚಾಗಿಲ್ಲ ಅಂತ ಹೇಳುವಾಗ ಇವರು ಕೈಯಲ್ಲಿದ್ದ ಚಿಲ್ಲರೆಯನ್ನು ವಾಪಸು ಗಲ್ಲಾಕ್ಕೆ ಹಾಕಿದರು. ನನಗೆ ಕೊಡಲೇ ಇಲ್ಲ, ಮರೆತುಬಿಟ್ಟರು! ಕೋಪ ಇದ್ದವನಿಗೆ ಹಾಗೆಲ್ಲ ಮರೆತು ಹೋಗುವುದಿಲ್ಲ. ಸ್ಮಾರ್ಟ್ ಅಂತ ಒಬ್ಬರು ಹೇಳಿದರು, ನೈಸ್ ಅಂತ ಒಬ್ಬರು ಹೇಳಿದರು. ಅದನ್ನು ಕೇಳಿ ಮನೆಗೆ ಬರಬೇಕು ಅಂತ ನನಗೆ ಅನ್ನಿಸಲಿಲ್ಲ. ಬಂದದ್ದು ಈ ಮಾತು ಕೇಳಿ."

ನಾನು ಟ್ರೇ ತಂದು ಉಪ್ಪಿಟ್ಟು, ಚಾ ಅವರ ಮುಂದೆ ಇಟ್ಟು ಬಾಗಿಲಿಗೆ ಮರಳಿದೆ.

ಅವನ ತಾಯಿಗೆ ಇನ್ನೂ ಸಮಾಧಾನವಾಗಿರಲಿಲ್ಲ. ಹೆಂಗಸರಿಗೆ ಗಂಡಸರು ಚಿಲ್ಲರೆ ಮರೆತದ್ದು ಸಾಕಾಗುವುದಿಲ್ಲ. ಅವರು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು, ತಿನ್ನದೆ, ನನ್ನನ್ನು ಕರೆದರು. "ಬಾ ಮಗಾ. ನೀನು ತಿಂದು ನೋಡಿದ್ದೀಯಾ? ಹೇಗಾಗಿದೆ ಹೇಳು ನೋಡುವ."

ಅಮ್ಮ ನನ್ನನ್ನು ನೋಡಿದಳು. ಆ ಕಣ್ಣು ಕೈ ಮುಗಿಯುತ್ತಿತ್ತು. ಬೆಳಿಗ್ಗೆ ಗಡಿಬಿಡಿಯಲ್ಲಿ ಅವಳೇ ಮಾಡಿದ ಉಪ್ಪಿಟ್ಟು, ನಾನು ಬಾಣಲೆಯಿಂದಲೇ ತಿಂದು ನೋಡಿದ್ದೆ, ಹೇಳಲು ಹೊತ್ತಿರಲಿಲ್ಲ. ಅವನು ಕಿಟಕಿಯ ಹತ್ತಿರ ಕುಳಿತು ಬೆರಳಿನ ಗೆಣ್ಣು ಮುರಿಯುತ್ತಿದ್ದ. ನೈಸ್ ಎಂದರೆ ಮುಗಿಯುತ್ತಿತ್ತು. ವರ್ಷವಿಡೀ ಅದನ್ನೇ ಬರೆಯುವ ಕೈ ನನ್ನದು.

"ಉಪ್ಪು ಸ್ವಲ್ಪ ಕಮ್ಮಿ, ಆಂಟಿ" ಎಂದೆ.

ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಹೌದು. ಕಮ್ಮಿಯೇ," ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, ನಮ್ಮ ಮನೆಗೆ ನೂರು ಸಲ ಬಂದವರ ಹಾಗೆ, "ಸ್ವಲ್ಪ ಉಪ್ಪು ತನ್ನಿ ನೋಡುವ" ಎಂದರು. ಅಮ್ಮ ಉಪ್ಪಿನ ಡಬ್ಬಿಯನ್ನೇ ಎತ್ತಿ ತಂದಳು. ಮಾವ ಜೋರಾಗಿ ನಕ್ಕರು. ಹೋಗುವಾಗ ಅವನ ತಾಯಿ ನನ್ನ ಗಲ್ಲ ಹಿಡಿದು, ಒಳ್ಳೆಯ ದಿನ ನೋಡಿ ಹೇಳಿ ಕಳಿಸುತ್ತೇವೆ ಎಂದರು.

ಅವರು ಮೆಟ್ಟಿಲಿಳಿದ ಮೇಲೆ ಅಮ್ಮ ದೇವರ ಮುಂದೆ ಕುಳಿತು ಅತ್ತಳು. ಅಪ್ಪ ಇಸ್ತ್ರಿ ಶರ್ಟು ಬಿಚ್ಚಿಟ್ಟು ಬನಿಯನ್ನಿನಲ್ಲಿ ಅಡುಗೆಮನೆಗೆ ಬಂದರು. ಬೆಳಿಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ.

"ನೀವು ಹಾಗೆ ಹೇಳಿದ್ದಾ ಅಪ್ಪ?" ಎಂದು ಕೇಳಿದೆ.

"ಮತ್ತೆಂತ ಹೇಳುವುದು? ಇದ್ದದ್ದು ಹೇಳಿದ್ದು," ಎಂದು ಅವರು ಬಾಣಲೆಯಲ್ಲಿ ಉಳಿದ ಉಪ್ಪಿಟ್ಟನ್ನು ತಟ್ಟೆಗೆ ಹಾಕಿಕೊಂಡು, ಅಲ್ಲೇ ಕಟ್ಟೆಗೆ ಒರಗಿ ತಿನ್ನತೊಡಗಿದರು. ಸಾಂಬಾರಿನ ಒಂದು ಹನಿಯಲ್ಲಿ ಉಪ್ಪಿನ ಹೆಚ್ಚುಕಮ್ಮಿ ಹೇಳುವ ನಾಲಿಗೆ ಅದು. ಪೂರ್ತಿ ತಟ್ಟೆ ತಿಂದರು. ಉಪ್ಪಿನ ಡಬ್ಬಿ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ತಟ್ಟೆ ತೊಳೆಯಲು ಇಟ್ಟು, ನನ್ನ ಕಡೆ ನೋಡದೆ, "ಅಡ್ಡಿಯಿಲ್ಲ" ಎಂದರು.

ಉಪ್ಪು ಕಮ್ಮಿ ಇದೆ ಅಪ್ಪ ಎಂದು ಹೇಳಲು ಬಾಯಿಯವರೆಗೆ ಬಂತು. ಆ ಒಂದು ದಿನ ಹೇಳಲಿಲ್ಲ.